ಹೊಸ್ತಿಲ ಮೇಲಿನ ಪಾವು

ಭೇರ್ಯ
10 ಜೂನ್ 2024

ಮಾದೇಶ,

ಕ್ಷೇಮ ಸಮಾಚಾರ ಕೊನೆಗಿರಲಿ. ಮೊದಲು ನಮ್ಮ ಮನೆಯ ಮಾನ ಹೋದ ಕಥೆ ಕೇಳು.

ಲಿಂಗಣ್ಣನ ತಂದೆ ತೀರಿಕೊಂಡರು. ತಿಥಿ ಕಾರ್ಡನ್ನು ನಮ್ಮಲ್ಲೇ ಮಾಡಿಸಲು ಕೊಟ್ಟಿದ್ದ. ನಾನು ನಡುಮನೆಯಲ್ಲಿ ಕೂತು ಅವತ್ತೇ ಟೈಪ್ ಮಾಡಿ, ಪೆನ್‌ಡ್ರೈವಿಗೆ ಹಾಕಿ, ಎಂದಿನ ಹಾಗೆ ಹೊಸ್ತಿಲ ಮೇಲಿನ, ಅಕ್ಕಿ ಅಳೆಯುವ ಪಾವಿನೊಳಗಿಟ್ಟೆ. ಅಣ್ಣ ಜೆರಾಕ್ಸಿನ ಅಂಗಡಿಕೋಣೆಯಿಂದ ಬಂದು ಅದನ್ನು ತೆಗೆದುಕೊಂಡು ಹೋಗಿ ಪ್ರಿಂಟು ಹಾಕಬೇಕಿತ್ತು. ಅವತ್ತು ಪಾವಿನ ಮೇಲೆ ಒಗೆದ ಟವಲು ಬಿದ್ದಿತ್ತು, ಅವನಿಗೆ ಕಾಣಲಿಲ್ಲ. ಕಾರ್ಡು ಹೋಗಿಯಾಗಿದೆ ಅಂದುಕೊಂಡೆ ನಾನು. ನನ್ನ ಟೈಪಿಂಗೇ ಮುಗಿದಿಲ್ಲ ಅಂದುಕೊಂಡ ಅವನು. ಇಬ್ಬರೂ ಬಾಯಿ ಬಿಡಲಿಲ್ಲ. ಸಾವಿನ ಮನೆಯ ಗಡಿಬಿಡಿಯಲ್ಲಿದ್ದ ಲಿಂಗಣ್ಣ ತಿಥಿಯ ಹಿಂದಿನ ದಿನ ಬಂದು ಕೇಳಿದರೆ ಒಂದು ಕಾರ್ಡೂ ಇಲ್ಲ.

“ಒಂದೇ ಸೂರಿನಡಿ ಇದ್ಕಂಡು ಒಂದು ಮಾತು ಕೇಳಕ್ಕಾಗ್ನಿಲ್ವೇನ್ರವ್ವಾ ನಿಮ್ಗೆ? ನೆಂಟ್ರಿಗೆಲ್ಲ ನಾನೇನಂತ ಯೋಳ್ಲಿ?” ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ, ಅಂಗಡಿ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ.

ಅವ್ವ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ನಾನೂ ಅಣ್ಣನೂ ಮಾತು ಬಿಟ್ಟು ಆರು ವರ್ಷವಾದರೂ ಐದು ವರ್ಷ ಒಂದು ಕೆಲಸವೂ ನಿಂತಿರಲಿಲ್ಲ. ಆ ಹೊಸ್ತಿಲ ಪಕ್ಕದಲ್ಲಿ ಅವ್ವ ಕೂತಿರುತ್ತಿದ್ದಳಲ್ಲ. ಪೆನ್‌ಡ್ರೈವ್ ಈ ಕೈಯಿಂದ ಇಸಿದುಕೊಂಡು ಆ ಕೈಗೆ ಕೊಡುತ್ತಿದ್ದಳು. “ಅವಳಿಗೆ ಯೋಳವ್ವಾ, ಸಾರಿಗೆ ಉಪ್ಪು ಕಮ್ಮಿ ಅಂತ.” “ಅವನಿಗೆ ಯೋಳವ್ವಾ, ಬೇಕಾದ್ರೆ ಆಕ್ಕೊಳ್ಳಿ ಅಂತ.” ಅವಳು ಹೋದ ಮೇಲೆ ಪಾವು ಬಂತು. ಮಾತಾಡಲೇಬೇಕಾದರೆ ಇಬ್ಬರೂ ಕೊಟ್ಟಿಗೆಗೆ ಹೋಗಿ ನಮ್ಮ ಹಸು ಕೆಂಪಿಗೆ ಹೇಳುತ್ತೇವೆ. ನಗಬೇಡ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಮೈಸೂರಿನಲ್ಲಿ ಕಂಪ್ಯೂಟರ್ ನೆಟ್‌ವರ್ಕಿಂಗು ಕಲಿತವನು. ನನ್ನ ಕಂಪ್ಯೂಟರಿಗೂ ಅವನ ಕಂಪ್ಯೂಟರಿಗೂ ವೈರಿಲ್ಲದೆ ಸಂಪರ್ಕ ಕೊಡುವುದು ಹೇಗೆಂದು ಬರೆದು ಕಳಿಸು. ನಾನು ಇಲ್ಲಿ ಒತ್ತಿದರೆ ಅಲ್ಲಿ ಪ್ರಿಂಟು ಬರಬೇಕು. ಪಾವಿನ ಕಾಟ ತಪ್ಪಬೇಕು, ಅವನ ಮುಖ ನೋಡುವ ಕರ್ಮವೂ ತಪ್ಪಬೇಕು.

ನಿನ್ನ ಕಾಡಿನಲ್ಲಿ ಫೋನು ಸಿಗುವುದಿಲ್ಲವೆಂದು ಕೋಟೆ ಪಟ್ಟಣದ ನಿಮ್ಮ ಅರಣ್ಯ ಇಲಾಖೆಯ ರೇಂಜ್ ಆಫೀಸಿನ ವಿಳಾಸಕ್ಕೇ ಬರೆಯುತ್ತಿದ್ದೇನೆ. ಅಕ್ಕಿ, ಬೇಳೆ ತರುವ ಜೀಪಿನವರು ಇದನ್ನೂ ತಂದುಕೊಡಲಿ.

ನಾನು ಚೆನ್ನಾಗಿದ್ದೇನೆ. ಹೊತ್ತು ಮಾತ್ರ ಹೋಗುವುದಿಲ್ಲ.

ಅಕ್ಕ, ನಂದಿತಾ


ಬಿದಿರುಹಳ್ಳ ಕ್ಯಾಂಪು
19 ಜೂನ್ 2024

ಅಕ್ಕ,

ನಾಳೆ ಜೀಪು ಬರುತ್ತದೆ, ಅದಕ್ಕೆ ಇವತ್ತೇ ಕೂತು ಬರೆಯುತ್ತಿದ್ದೇನೆ. ಲಿಂಗಣ್ಣನ ವಿಷಯ ಓದಿ ನನಗೂ ಸಂಕಟವಾಯಿತು. ಕೆಂಪಿಯ ವಿಷಯಕ್ಕೆ ನಕ್ಕೆ, ಕ್ಷಮಿಸು. ಇಲ್ಲಿ ನಗುವ ಸಂದರ್ಭ ಕಡಿಮೆ. ನನ್ನ ಜೊತೆ ಇರುವ ವಾಚರ್ ಶಿವಣ್ಣ ಒಳ್ಳೆಯ ಮನುಷ್ಯ, ಆದರೆ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಬೆಳಿಗ್ಗೆ ಎಂಟು ಮೈಲಿ ನಡೆದು ಬರುತ್ತೇವೆ, ಅನ್ನ ಬೇಯಿಸುತ್ತೇವೆ, ಆನೆ ಬಾರದಂತೆ ಸುತ್ತ ಕಂದಕ ತೋಡಿರುವ ಕ್ಯಾಂಪಿನೊಳಗೆ ಕೂತಿರುತ್ತೇವೆ.

ನೀನು ಕೇಳಿದ ಕೆಲಸ ಕಷ್ಟದ್ದೇನಲ್ಲ. ನಮ್ಮಲ್ಲಿ ಒಂದು ವೈರ್‌ಲೆಸ್ ಸೆಟ್ ಇದೆ. ಸಂಜೆ ಆರಕ್ಕೆ ರೇಂಜ್ ಆಫೀಸಿನವರು ಒಂದೊಂದೇ ಕ್ಯಾಂಪಿನ ಹೆಸರು ಕರೆಯುತ್ತಾರೆ. ನಾನು “ಬಿದಿರುಹಳ್ಳ, ಎಲ್ಲಾ ಸರಿಯಾಗಿದೆ” ಅನ್ನುತ್ತೇನೆ. ಎಲ್ಲರೂ ಒಂದೇ ಚಾನೆಲ್ಲಿನಲ್ಲಿರಬೇಕು, ಒಬ್ಬೊಬ್ಬರಿಗೂ ಒಂದು ಹೆಸರಿರಬೇಕು, ಕರೆದಾಗ ಓಗೊಡಬೇಕು. ನಿಮ್ಮ ಎರಡು ಕಂಪ್ಯೂಟರಿಗೂ ಇಷ್ಟೇ ಬೇಕಾದ್ದು.

ರೂಟರ್ ಅನ್ನುವ ಡಬ್ಬಿ ಒಂದು ತರಿಸು. ನಿಮ್ಮವು ಹಳೆಯ ಕಂಪ್ಯೂಟರುಗಳು, ಅವಕ್ಕೆ ಗಾಳಿಯಲ್ಲಿ ಬರುವುದು ಕೇಳಿಸುವುದಿಲ್ಲ. ಎರಡಕ್ಕೂ ಪೆನ್‌ಡ್ರೈವಿನ ಹಾಗೆ ಚುಚ್ಚುವ ವೈಫೈ ಡಾಂಗಲ್ ಬೇಕು. ಡಬ್ಬಿಗೆ ಒಂದು ಹೆಸರಿಟ್ಟು, ಎರಡೂ ಕಂಪ್ಯೂಟರಿನಲ್ಲಿ ಅದೇ ಹೆಸರನ್ನು ಆರಿಸಿಕೊಳ್ಳಿ. ಅಣ್ಣನ ಕಡೆ ಪ್ರಿಂಟರನ್ನು ಹಂಚಿಕೊಳ್ಳಲು ಒಪ್ಪಿಗೆ ಕೊಡಬೇಕು. ಆ ಕೆಲಸವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಪಾವಿನಲ್ಲಿಡು.

ಈ ಸಲದ ರಜೆಗೆ ಬರಲಾಗುವುದಿಲ್ಲ, ಇಲ್ಲಿ ಜನ ಕಡಿಮೆ.

ಮಾದೇಶ


ಭೇರ್ಯ
1 ಜುಲೈ 2024

ಮಾದೇಶ,

ಡಬ್ಬಿ ಬಂತು. ಡಾಂಗಲ್ಲೂ ಬಂದವು. ನಿನ್ನ ಹಾಳೆಯನ್ನು ಪಾವಿನಲ್ಲಿಟ್ಟೆ. ಅಣ್ಣ ಒಂದು ದಿನವೆಲ್ಲ ಕನ್ನಡಕ ಹಾಕಿಕೊಂಡು ಓದಿದ. ಮಾರನೆಯ ದಿನ ಹಾಳೆ ವಾಪಸು ಬಂತು, ಪ್ರತಿ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಒಂದು ಸರಿ ಗುರುತು. ಕೊನೆಯಲ್ಲಿ “ಆಯ್ತು” ಅಂತ ಬರೆದಿದ್ದ. ಯಾರಿಗೆ ಬರೆದ, ನಿನಗೋ ನನಗೋ ಗೊತ್ತಿಲ್ಲ.

ಆದರೆ ಅವನ ಕಂಪ್ಯೂಟರಿಗೆ ನನ್ನದು ಕಾಣುವುದಿಲ್ಲ, ನನ್ನದಕ್ಕೆ ಅವನದು ಕಾಣುವುದಿಲ್ಲ. ಡಬ್ಬಿಯನ್ನು ಜೋಪಾನವಾಗಿ ಅವ್ವನ ರಾಗಿ ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ, ಇಲಿ ವೈರು ಕಡಿಯದಿರಲಿ ಅಂತ ಮೇಲೆ ಅಲ್ಯುಮಿನಿಯಂ ಬೋಗುಣಿ ಕವುಚಿದ್ದೇನೆ. ಅದರಿಂದ ತೊಂದರೆಯೋ?

ಇನ್ನೊಂದು ಮಾತು. ಪಕ್ಕದ ಮನೆಯ ಪುಟ್ಟಮಲ್ಲಮ್ಮ ಬೀಚನಹಳ್ಳಿಯ ಮಗಳ ಮನೆಗೆ ಹೋಗಿದ್ದಳು. ಡ್ಯಾಮಿನ ಹತ್ತಿರ ಟೀ ಅಂಗಡಿಯಲ್ಲಿ ನೀನು ಕೂತಿದ್ದನ್ನು ನೋಡಿದಳಂತೆ. “ಒಂದಲ್ಲ, ಎರಡು ದಿನ ನೋಡ್ದೆ ಕಣವ್ವ, ನೀರ್ ನೋಡ್ಕಂಡು ಸುಮ್ಗೆ ಕುಂತಿದ್ದ” ಅಂದಳು. ರಜೆ ಇಲ್ಲ ಅಂದವನಿಗೆ ಬೀಚನಹಳ್ಳಿಯಲ್ಲಿ ಏನು ಕೆಲಸವಪ್ಪ? ಯಾರಾದರೂ ಹುಡುಗಿ ಇದ್ದರೆ ಹೇಳು. ನಾನು ಬೇಡ ಅನ್ನುವವಳಲ್ಲ. ಮನೆ ತುಂಬಾ ಖಾಲಿಯಾಗಿದೆ, ಬಳೆ ಸದ್ದು ಮಾಡುವ ಇನ್ನೊಂದು ಹೆಣ್ಣು ಬಂದರೆ ನನಗೂ ಮಾತಾಡಲು ಜನವಾಗುತ್ತದೆ.

ನಂದಿತಾ


ಬಿದಿರುಹಳ್ಳ ಕ್ಯಾಂಪು
17 ಜುಲೈ 2024

ಅಕ್ಕ,

ಬೋಗುಣಿ ಕವುಚಿದರೆ ಡಬ್ಬಿ ಹೇಗೆ ಮಾತಾಡುತ್ತದೆ? ಕಬ್ಬಿಣದ ಡ್ರಮ್ಮು, ಅಲ್ಯುಮಿನಿಯಂ ಪಾತ್ರೆ, ಮೇಲೆ ನಮ್ಮ ತಾತ ಕಟ್ಟಿಸಿದ ಎರಡಡಿ ದಪ್ಪದ ಮಣ್ಣಿನ ಗೋಡೆ. ಅದನ್ನು ಮೊದಲು ಅಲ್ಲಿಂದ ತೆಗೆ.

ಆ ಗೋಡೆಯಲ್ಲಿ ತೆರೆದಿರುವ ಜಾಗ ಒಂದೇ, ನಡುಮನೆಗೂ ಅಂಗಡಿಕೋಣೆಗೂ ನಡುವಿನ ಬಾಗಿಲು. ಡಬ್ಬಿಯನ್ನು ಹೊಸ್ತಿಲ ಪಕ್ಕ, ಅವ್ವ ಕೂರುತ್ತಿದ್ದಲ್ಲಿ ಇಡು. ಅಲ್ಲಿಂದ ಎರಡೂ ಕಡೆಗೆ ಕೇಳಿಸುತ್ತದೆ. ಬೇರೆಲ್ಲಿಟ್ಟರೂ ಪ್ರಯೋಜನವಿಲ್ಲ.

ಬೀಚನಹಳ್ಳಿಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಮಳೆ ಹಿಡಿದಿದೆ, ಕಬಿನಿ ತುಂಬಿದೆಯಂತೆ. ಹಳ್ಳ ದಾಟಲಾಗದೆ ಜೀಪು ನಿಂತರೆ ನನ್ನ ಕಾಗದ ತಡವಾದೀತು, ಗಾಬರಿಯಾಗಬೇಡ.

ನಿನ್ನೆ ಸಂಜೆ ವೈರ್‌ಲೆಸ್ಸಿನಲ್ಲಿ ಎಲ್ಲ ಕ್ಯಾಂಪುಗಳನ್ನೂ ಕರೆದರು, ನಮ್ಮನ್ನು ಮರೆತರು. ನಾನು ಕೈಯಲ್ಲಿ ಸೆಟ್ ಹಿಡಿದು ಅರ್ಧ ಗಂಟೆ ಕಾದೆ. “ಬುಡ್ಲಾ, ನಾಳೆ ಕರೀತಾರೆ” ಅಂದ ಶಿವಣ್ಣ. ಅಷ್ಟಕ್ಕೇ ನನಗೆ ಅಳು ಬಂತು ಅಂದರೆ ನೀನು ನಂಬುವುದಿಲ್ಲ.

ಮಾದೇಶ


ಭೇರ್ಯ
6 ಆಗಸ್ಟ್ 2024

ಮಾದೇಶ,

ನಿನ್ನ ಕಾಗದ ಹದಿನೇಳು ದಿನಕ್ಕೆ ಬಂತು.

ಅವ್ವನ ಜಾಗದಲ್ಲಿ ಡಬ್ಬಿ ಇಡಲು ನನಗೆ ಮೂರು ದಿನ ಮನಸ್ಸು ಬರಲಿಲ್ಲ. ಅವಳು ಹೋದ ಮೇಲೆ ಆ ಜಾಗವನ್ನು ಗುಡಿಸುತ್ತೇನೆ, ಸಾರಿಸುತ್ತೇನೆ, ಅಲ್ಲಿ ಏನನ್ನೂ ಇಟ್ಟಿಲ್ಲ. ಪಾವನ್ನೂ ಹೊಸ್ತಿಲ ಮೇಲಿಡುತ್ತೇನೆ, ಅವಳ ಜಾಗದಲ್ಲಿ ಇಡುವುದಿಲ್ಲ. ಅಣ್ಣನೂ ಅಲ್ಲಿ ಕಾಲಿಡದೆ ದಾಟುತ್ತಾನೆ, ನಾನು ನೋಡಿದ್ದೇನೆ. ಕೊನೆಗೆ ಅವಳ ಹಳೆಯ ಸೀರೆಯ ತುಂಡೊಂದನ್ನು ಮಣೆಯ ಮೇಲೆ ಹಾಸಿ ಡಬ್ಬಿ ಇಟ್ಟೆ. ಅಣ್ಣ ಅಂಗಡಿಯಿಂದ ಎದ್ದು ಬಂದು ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬಗ್ಗಿ ಸೀರೆಯ ಮಡಿಕೆ ಸರಿಮಾಡಿ ಹೋದ.

ನೀನು ಹೇಳಿದ್ದು ನಿಜ, ಅಲ್ಲಿಟ್ಟ ತಕ್ಷಣ ಹಸಿರು ದೀಪ ಬಂತು. ನನ್ನ ಪರದೆಯ ಮೇಲೆ ಅವನ ಕಂಪ್ಯೂಟರಿನ ಹೆಸರು ಬಂತು, “ಮಾದೇವ ಅಂಗಡಿ” ಅಂತ. ಆರು ವರ್ಷದಿಂದ ಆ ಹೆಸರನ್ನು ನಾನು ಬಾಯಲ್ಲಿ ಹೇಳಿಲ್ಲ, ಕೈಯಲ್ಲಿ ಟೈಪ್ ಮಾಡಿಲ್ಲ. ಸುಮ್ಮನೆ ನೋಡುತ್ತಾ ಕೂತೆ.

ಆದರೆ ಅದರ ಮೇಲೆ ಒತ್ತಿದರೆ ಒಳಗೆ ಬಿಡುವುದಿಲ್ಲ. ಅವನ ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತದೆ. ಏನು ಮಾಡಲಿ? ಬೇಗ ಬರೆ.

ನಂದಿತಾ


ಬಿದಿರುಹಳ್ಳ ಕ್ಯಾಂಪು
14 ಆಗಸ್ಟ್ 2024

ಅಕ್ಕ,

ಪಾಸ್‌ವರ್ಡ್ ಅಣ್ಣನಿಗೆ ಮಾತ್ರ ಗೊತ್ತು. ಅದಕ್ಕೆ ಬೇರೆ ದಾರಿಯಿಲ್ಲ, ಅವನನ್ನೇ ಕೇಳಬೇಕು. ಒಂದೇ ಮಾತು. ಕೇಳಿಬಿಡು.

ಮಾದೇಶ


ಭೇರ್ಯ
27 ಆಗಸ್ಟ್ 2024

ಮಾದೇಶ,

ಒಂದೇ ಮಾತು ಅಂತ ಬರೆದಿದ್ದೀಯಲ್ಲ, ನಿನಗೆ ಸುಲಭ.

ಮೊದಲು ಚೀಟಿ ಬರೆದು ಪಾವಿನಲ್ಲಿಟ್ಟೆ. ಖಾಲಿ ಪಾವು ವಾಪಸು ಬಂತು. ಆಮೇಲೆ ಅವನು ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲಿ ನಿಂತು, “ಕೆಂಪೀ, ಅವನ ಕಂಪ್ಯೂಟರಿನ ಪಾಸ್ವರ್ಡು ಏನಂತೆ ಕೇಳು” ಅಂದೆ. ಅವನು ತಲೆ ಎತ್ತದೆ, “ಕೆಂಪೀ, ಪಾಸ್ವರ್ಡು ಚೀಟೀಲಿ ಬರ್ಯದೂ ಅಲ್ಲ, ಕೊಟ್ಟಿಗೇಲಿ ಕೂಗದೂ ಅಲ್ಲ. ಬೇಕಾದವ್ರು ನನ್ನ ಮುಂದೆ ಬಂದು ಕೇಳ್ಬೇಕು ಅಂತ ಯೋಳು” ಅಂದ. ಕೆಂಪಿ ಇಬ್ಬರನ್ನೂ ನೋಡಿ ಬಾಲ ಬೀಸಿತು.

ನಾನು ಯಾಕೆ ಕೇಳಬೇಕು ಹೇಳು. ನಿನಗೆ ಮರೆತಿರಬಹುದು, ಆಗ ನೀನು ಮೈಸೂರಿನಲ್ಲಿ ಓದುತ್ತಿದ್ದೆ. ನನ್ನ ಮದುವೆಯ ಲಗ್ನಪತ್ರಿಕೆಯನ್ನು ನಾನೇ ಟೈಪ್ ಮಾಡಿದ್ದೆ. ಊರವರ ಹೆಸರೆಲ್ಲ ಟೈಪ್ ಮಾಡಿದ ಕೈಯಲ್ಲಿ ನನ್ನ ಹೆಸರು ಟೈಪ್ ಮಾಡುವಾಗ ಎರಡು ಸಲ ತಪ್ಪಾಗಿತ್ತು. ಪಿರಿಯಾಪಟ್ಟಣದ ಕಿರಣ್‌ಕುಮಾರ್, ಹೊಗೆಸೊಪ್ಪು ಬೆಳೆಯುವ ಮನೆ, ಒಳ್ಳೆಯ ಜನ. ಪತ್ರಿಕೆ ಹಂಚಲು ಶುರುಮಾಡಿದ ವಾರಕ್ಕೆ ಅವರಿಂದ ಸುದ್ದಿ ಬಂತು, ನಿಮ್ಮ ಕಡೆಯವರೇ ಈಗ ಬೇಡ ಅಂದಮೇಲೆ ನಮಗೂ ಬೇಡ ಅಂತ. ಯಾರು ಹಾಗಂದವರು ಎಂದು ನಾನು ಮನೆಯ ನಡುವೆ ನಿಂತು ಕೇಳಿದೆ. “ನಾನೇ ಅಂದೆ” ಅಂದ ನಿನ್ನ ಅಣ್ಣ. ಯಾಕೆ ಎಂದು ಕೇಳಿದೆ. ಉತ್ತರವಿಲ್ಲ. ಇವತ್ತಿಗೂ ಇಲ್ಲ. ನನಗೀಗ ಮೂವತ್ತಾರು. ಅವನು ಕಾರಣ ಹೇಳಿದ್ದರೆ ಹೊಡೆದಾಡಿ ಎಲ್ಲೋ ಒಂದು ಕಡೆ ಮರೆಯುತ್ತಿದ್ದೆನೇನೋ.

ಈಗ ನಿನ್ನ ವಿಷಯ. ಕೆ.ಆರ್. ನಗರದ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಮಾಡಿದೆ. “ಪಾಸ್ವರ್ಡ್ ಕೇಳ್ದಂಗೆ ಮಾಡ್ಬೋದಲ್ಲ ಮೇಡಂ, ಆ ಕಡೆ ಕಂಪ್ಯೂಟರ್ನಲ್ಲಿ ಒಂದು ಕಡೆ ಆಫ್ ಮಾಡುದ್ರಾಯ್ತು” ಅಂದ. ನಿನ್ನ ಹಾಳೆಯಲ್ಲಿ ಆ ಸಾಲು ಇರಲಿಲ್ಲ. ಮೈಸೂರಿನಲ್ಲಿ ಎರಡು ವರ್ಷ ಕಲಿತವನಿಗೆ ಗೊತ್ತಿರಲಿಲ್ಲವೋ, ಬೇಕೆಂದೇ ಬಿಟ್ಟೆಯೋ? ನಮ್ಮಿಬ್ಬರನ್ನು ಮಾತಾಡಿಸುವ ಆಟವಿದ್ದರೆ, ಮಾದೇಶ, ಅದು ನಿನಗೆ ಸಂಬಂಧಿಸಿದ್ದಲ್ಲ. ನಿನಗೆ ಮನೆಗೆ ಬರಲು ಪುರುಸೊತ್ತಿಲ್ಲ, ಬೀಚನಹಳ್ಳಿಯಲ್ಲಿ ಟೀ ಕುಡಿಯಲು ಪುರುಸೊತ್ತಿದೆ. ದೂರ ಕೂತು ನಮ್ಮ ಬಾಯಿ ಬಿಡಿಸಲು ಬರಬೇಡ.

ಆ ಸಾಲನ್ನು ಬರೆದು ಕಳಿಸು. ಅಷ್ಟು ಸಾಕು.

ನಂದಿತಾ


ಭೇರ್ಯ
7 ಅಕ್ಟೋಬರ್ 2024

ಮಾದೇಶ,

ಆರು ವಾರವಾಯಿತು. ಮಳೆಯಿದ್ದರೂ ಮೂರು ಜೀಪಾದರೂ ಬಂದು ಹೋಗಿರಬೇಕು. ನನ್ನ ಕಾಗದ ಖಾರವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಹುಣಸೂರು ಕಡೆ ಯಾರೋ ವಾಚರನ್ನು ಆನೆ ಅಟ್ಟಿಸಿಕೊಂಡು ಹೋಯಿತು ಅಂತ ಅಂಗಡಿಗೆ ಬಂದವರು ಮಾತಾಡುತ್ತಿದ್ದರು. ಹೆಸರು ಅವರಿಗೆ ಗೊತ್ತಿಲ್ಲ. ರೇಂಜ್ ಆಫೀಸಿಗೆ ಫೋನು ಮಾಡಿದರೆ ಯಾರೂ ಎತ್ತುವುದಿಲ್ಲ.

ಅವತ್ತು ಅಣ್ಣ ಊಟ ಮಾಡಲಿಲ್ಲ. ತಟ್ಟೆ ಹಾಗೇ ಇತ್ತು.

ನಿಜ ಹೇಳುತ್ತೇನೆ. ಆ ಕೆ.ಆರ್. ನಗರದವನು ಬಂದರೆ ಒಂದು ಗಂಟೆಯಲ್ಲಿ ಎಲ್ಲ ಮಾಡಿ ಹೋಗುತ್ತಾನೆ. ನನಗೆ ಜೂನ್ ತಿಂಗಳಲ್ಲೇ ಗೊತ್ತಿತ್ತು. ಆದರೂ ನಿನಗೆ ಬರೆದೆ. ಅವ್ವನ ಕಾರ್ಯ ಮುಗಿಸಿ ಮೂರನೇ ದಿನಕ್ಕೇ ಹೋದವನು ಮತ್ತೆ ಬರಲಿಲ್ಲ. ಏನಾದರೂ ಕೇಳಿದರೆ ಉತ್ತರವಾದರೂ ಬರೆಯುತ್ತೀಯೆಂದು ಕೇಳಿದೆ. ನನಗೆ ಪ್ರಿಂಟರ್ ಬೇಡ, ಏನೂ ಬೇಡ. ಸಂಜೆ ಆರಕ್ಕೆ ಆಫೀಸಿನವರಿಗೆ ಹೇಳುವ ಆ ಒಂದು ಮಾತನ್ನು ಒಂದು ಕಾರ್ಡಿನಲ್ಲಿ ನನಗೂ ಬರೆ.

ಅಕ್ಕ


ಬಿದಿರುಹಳ್ಳ ಕ್ಯಾಂಪು
23 ಅಕ್ಟೋಬರ್ 2024

ಅಕ್ಕ,

ಎಲ್ಲಾ ಸರಿಯಾಗಿದೆ. ಅಂದರೆ ಕೈಕಾಲು ನೆಟ್ಟಗಿವೆ. ಆನೆ ಅಟ್ಟಿಸಿಕೊಂಡು ಹೋದದ್ದು ನನ್ನನ್ನಲ್ಲ.

ಮೂರು ಜೀಪಿಗೂ ಕಾಗದ ಬರೆದೆ, ಮೂರನ್ನೂ ಒಲೆಗೆ ಹಾಕಿದೆ. ನಿನ್ನ ಕೊನೆಯ ಕಾಗದ ಓದಿದ ಮೇಲೆ ಇನ್ನು ಮುಚ್ಚಿಡಲು ನನ್ನ ಕೈಲಾಗುವುದಿಲ್ಲ.

ಆ ಸಾಲು ನನಗೆ ಗೊತ್ತಿತ್ತು, ಬೇಕೆಂದೇ ಬಿಟ್ಟೆ. ನೀವು ಮಾತಾಡಿದರೆ ಇನ್ನೊಂದು ವಿಷಯವನ್ನು ನಾನು ಹೇಳಬೇಕಾಗುವುದಿಲ್ಲ ಅನ್ನುವ ಆಸೆಯಿಂದ ಬಿಟ್ಟೆ. ಇದು ಹೇಡಿ ಕೆಲಸ.

ಪಿರಿಯಾಪಟ್ಟಣಕ್ಕೆ ಹೋಗಿ ಬೇಡ ಅಂದವನು ಅಣ್ಣನಲ್ಲ, ನಾನು. ಮದುವೆ ಕೆಲಸಕ್ಕೆಂದು ಊರಿಗೆ ಬಂದಿದ್ದವನು ಪತ್ರಿಕೆ ಕೊಡುವ ನೆಪದಲ್ಲಿ ಹೋಗಿದ್ದೆ. ನನ್ನ ಕೋರ್ಸು ಮುಗಿಯಲು ಇನ್ನೂ ಒಂದು ವರ್ಷವಿತ್ತು, ನಿನ್ನ ಟೈಪಿಂಗಿನಲ್ಲೇ ನನ್ನ ಫೀಸು ನಡೆಯುತ್ತಿತ್ತು. ನೀನು ಹೋದರೆ ನನ್ನ ಓದು ನಿಲ್ಲುತ್ತದೆಂದು ಭಯವಾಯಿತು. ಅವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ನಿಂತು, ಕಿರಣ್‌ಕುಮಾರನ ತಂದೆಗೆ, “ಒಂದು ವರ್ಷ ತಡ ಮಾಡಿ, ಈಗ ಬೇಡ” ಅಂದೆ. ಅವರು ಯಾಕೆಂದು ಬಿಡದೆ ಕೇಳಿದರು. ಹೇಳಿಬಿಟ್ಟೆ. “ತಮ್ಮನ್ನ ಓದ್ಸಕ್ಕೆ ಎಣ್ ಮಗಳನ್ನ ಮನೇಲಿಟ್ಕಂಡವ್ರೆ, ಅಂಥಾ ಮನೆ ಎಣ್ಣು ನಮ್ಗ್ಯಾಕೆ” ಅಂತ ಅವರು ಒಳಗೆ ಹೋದರು. ನಾನು ಅಷ್ಟು ಹೇಳಿ ಬಂದವನು, ಮದುವೆಯೇ ನಿಲ್ಲುತ್ತದೆ ಅಂದುಕೊಂಡಿರಲಿಲ್ಲ.

ಬಂದು ಅಣ್ಣನಿಗೆ ಹೇಳಿದೆ. ಕಪಾಳಕ್ಕೆ ಎರಡು ಬಿಟ್ಟ. ಆಮೇಲೆ ನನ್ನನ್ನು ಕೂರಿಸಿಕೊಂಡು ಅಂದ, “ನೀನು ಬಾಯ್ಬುಡಬ್ಯಾಡ. ನಿಂಗೆ ಅವಳೇ ಅವ್ವ ಇದ್ದಂಗೆ. ಅವಳು ನಿನ್ನ ಮೇಲೆ ಮುನುಸ್ಕಂಡ್ರೆ ನೀನೆಲ್ಲಿಗೋಗೀಯೆ? ನನ್ನ ಮೇಲೆ ಮುನುಸ್ಕೊಳ್ಳಿ. ನಾನು ಇಲ್ಲೇ ಇರ್ತೀನಿ.” ಮಾರನೆಯ ದಿನ ನೀನು ಕೇಳಿದಾಗ ನಾನೇ ಅಂದೆ ಅಂದ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ.

ಪರೀಕ್ಷೆ ಪಾಸಾದೆ. ಸರ್ಟಿಫಿಕೇಟು ಟ್ರಂಕಿನ ತಳದಲ್ಲಿದೆ, ಅದನ್ನು ಹಿಡಿದು ಯಾವ ಆಫೀಸಿನಲ್ಲೂ ಕೆಲಸ ಕೇಳಲು ಮನಸ್ಸು ಬರಲಿಲ್ಲ. ಹೀಗೆ ಕಾಡಿಗೆ ಬಂದೆ. ಬೀಚನಹಳ್ಳಿಯಲ್ಲಿ ಯಾವ ಹುಡುಗಿಯೂ ಇಲ್ಲ. ರಜೆ ಸಿಕ್ಕಾಗ ಮನೆಗೆಂದೇ ಹೊರಡುತ್ತೇನೆ. ಅಲ್ಲಿ ಬಸ್ಸು ಬದಲಿಸಬೇಕು, ಬದಲಿಸುವುದಿಲ್ಲ. ಡ್ಯಾಮಿನ ನೀರು ನೋಡಿಕೊಂಡು ರಜೆ ಮುಗಿಸಿ ವಾಪಸು ಬರುತ್ತೇನೆ. ಅವ್ವ ಸತ್ತಾಗ ನೀವಿಬ್ಬರೂ ಹೆಣದ ಆಚೆ ಈಚೆ ಕೂತು ಒಬ್ಬರಿಗೊಬ್ಬರು ಒಂದು ಲೋಟ ನೀರು ಕೊಡದೆ ಅಳುತ್ತಿದ್ದಿರಿ. ಆಮೇಲೆ ಆ ಮನೆಯಲ್ಲಿ ಕೂರಲು ನನಗೆ ಮುಖವಿಲ್ಲ.

ನಾನು ಕಲಿತದ್ದೆಲ್ಲ ನಿನ್ನ ಮದುವೆಯ ಬದಲಿಗೆ ಬಂದದ್ದು. ಅದನ್ನು ಉಪಯೋಗಿಸಿಕೊಂಡವಳು ನೀನೊಬ್ಬಳೇ.

ಈ ಕಾಗದದ ಹಿಂದೆ ಆ ಸಾಲು ಬರೆದಿದ್ದೇನೆ, ಪಾಸ್‌ವರ್ಡ್ ಕೇಳದಂತೆ ಮಾಡುವುದು. ಇನ್ನು ನೀನು ಯಾರನ್ನೂ ಕೇಳಬೇಕಾಗಿಲ್ಲ. ಅಣ್ಣನದೇನೂ ತಪ್ಪಿಲ್ಲ.

ಮಾದೇಶ


ಭೇರ್ಯ
4 ನವೆಂಬರ್ 2024

ಮಾದೇಶ,

ನಾನು ಮಾದೇವ, ನಿನ್ನ ಅಣ್ಣ. ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿ ಓದಿಕೊ.

ಬಾಯಿ ಬಿಡಬೇಡ ಅಂದಿದ್ದೆ. ನೀನು ಬಿಟ್ಟೆ. ಇರಲಿ.

ನಿನ್ನ ಕಾಗದ ಬಂದ ದಿನ ಅಂಗಡಿಯಲ್ಲಿ ಐದಾರು ಜನ ಜೆರಾಕ್ಸಿಗೆ ನಿಂತಿದ್ದರು. ನಂದಿತಾ ಹಿತ್ತಿಲ ಬಾಗಿಲಿಂದ ಹೊರಗೆ ಹೋಗಿ, ಮನೆ ಸುತ್ತಿಕೊಂಡು ಬೀದಿಗೆ ಬಂದು, ಅವರ ಹಿಂದೆ ಸಾಲಿನಲ್ಲಿ ನಿಂತಳು. ನಾನು ಅವಳನ್ನು ಕಟ್ಟೆಯ ಆಚೆ ಕಡೆ ನೋಡಿದ್ದು ಅದೇ ಮೊದಲು. ತಲೆಯಲ್ಲಿ ಬಿಳಿ ಕೂದಲು ಬಂದಿದೆ, ಮನೆಯೊಳಗೆ ಕತ್ತಲಲ್ಲಿ ನಾನು ಗಮನಿಸಿರಲಿಲ್ಲ. ಅವಳ ಸರದಿ ಬಂತು. ನಿನ್ನ ಕಾಗದವನ್ನು ಕಟ್ಟೆಯ ಮೇಲೆ ಇಟ್ಟಳು. “ಒಂದು ಜೆರಾಕ್ಸು” ಅಂದಳು.

ಯಾವುದೋ ಅರ್ಜಿ ಅಂದುಕೊಂಡೆ. ಮೆಷಿನ್ನಿನ ಮೇಲೆ ಇಡುವಾಗ ನಿನ್ನ ಅಕ್ಷರ ಕಂಡಿತು. ಅಲ್ಲೇ ನಿಂತು ಓದಿದೆ. ಹಿಂದಿದ್ದ ಚನ್ನಬಸವಣ್ಣ, “ಅದೇನ್ಲಾ ಓದ್ತಾ ನಿಂತೆ, ಬೇಗ ಆಕು” ಅಂದ. ಅಂಗಡಿ ಬಾಗಿಲು ಎಳೆದು ಎಲ್ಲರನ್ನೂ ಕಳಿಸಿದೆ.

ಅವಳು ಹೋಗಲಿಲ್ಲ. “ಅವತ್ತೇ ಯಾಕ್ ಯೋಳ್ನಿಲ್ಲ?” ಅಂದಳು. ನನ್ನ ಮುಖ ನೋಡಿಯೇ ಕೇಳಿದಳು. ಇಷ್ಟು ವರ್ಷ ಏನೇನೋ ಯೋಚಿಸಿ ಇಟ್ಟುಕೊಂಡಿದ್ದೆ. “ಅವನು ಚಿಕ್ಕವನು ಕಣವ್ವ” ಅಂತಷ್ಟೇ ಅಂದೆ. “ನಾನು?” ಅಂದಳು. ನಿನ್ನನ್ನು ಉಳಿಸಿಕೊಳ್ಳುವ ಭರದಲ್ಲಿ ಅವಳಿಗೆ ಏನಾಗುತ್ತದೆಂದು ನಾನು ಯೋಚಿಸಲಿಲ್ಲ. ಆ ತಪ್ಪು ನನ್ನದು, ನಿನ್ನದಲ್ಲ.

ಅವಳು ಬಹಳ ಹೊತ್ತು ಅತ್ತಳು. ನಾನು ಲೋಟದಲ್ಲಿ ನೀರು ಕೊಟ್ಟೆ. ಕುಡಿದಳು.

ನೀನು ಕಾಗದದ ಹಿಂದೆ ಬರೆದಿದ್ದ ಸಾಲು ಉಪಯೋಗಕ್ಕೆ ಬರಲಿಲ್ಲ. ಕಣ್ಣು ಒರೆಸಿಕೊಂಡು, “ಪಾಸ್ವರ್ಡ್ ಏನು?” ಅಂದಳು. ನಾನು ಹೊಸ್ತಿಲು ದಾಟಿ ನಡುಮನೆಗೆ ಹೋದೆ. ಅವಳ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಬಾಯಲ್ಲೇ ಹೇಳಿಬಿಡುತ್ತಿದ್ದೆ, ಆದರೆ ಅವಳು ನಾನು ಒತ್ತುವುದು ಕಾಣಬಾರದೆಂದು ಆ ಕಡೆ ಗೋಡೆಗೆ ತಿರುಗಿ ನಿಂತಿದ್ದಳು. “ನಾ ನೋಡ್ನಿಲ್ಲ” ಅಂದಳು. ಆಮೇಲೆ ಏನೋ ಒತ್ತಿದಳು, ಅಂಗಡಿಯಲ್ಲಿ ಪ್ರಿಂಟರ್ ತಾನಾಗಿ ಓಡಿತು. ಇಬ್ಬರೂ ಹೋಗಿ ನೋಡಿದೆವು. ಲಿಂಗಣ್ಣನ ತಂದೆಯ ತಿಥಿ ಕಾರ್ಡು. ಐದು ತಿಂಗಳು ತಡ. ಒಂದನ್ನು ನಾನೇ ಅವನ ಮನೆಗೆ ಕೊಟ್ಟು ಬಂದೆ, ಇಬ್ಬರ ಪರವಾಗಿಯೂ ತಪ್ಪಾಯಿತು ಅಂದೆ.

ನಾವು ಈಗ ಜಾಸ್ತಿ ಮಾತಾಡುವುದಿಲ್ಲ. ಅಭ್ಯಾಸ ತಪ್ಪಿದೆ. ನಿನ್ನೆ ಸಾರಿಗೆ ಉಪ್ಪು ಕಮ್ಮಿಯಿತ್ತು, ಕೊಟ್ಟಿಗೆಗೆ ಹೋಗಲು ಎದ್ದವನು ಕೂತು ಅವಳಿಗೇ ಹೇಳಿದೆ.

ಈ ಕಾಗದ ಅವಳೇ ಬರೆಯಬೇಕಿತ್ತು, ಬರೆಯುವುದಿಲ್ಲವಂತೆ. ನಡುಮನೆಯಲ್ಲಿ ರಾಗಿ ಕೇರುತ್ತಾ ಕೂತಿದ್ದಾಳೆ, ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಅವನಿಗೆ ಯೋಳು, ನಾನು ಅವನ ಜೊತೆ ಮಾತು ಬುಟ್ಟಿದೀನಿ ಅಂತ.”

ಎಷ್ಟು ದಿನ ಅಂತ ಕೇಳಿದೆ.

“ಆರು ವರ್ಷ. ನಿನಗೆಷ್ಟೋ ಅವನಿಗೂ ಅಷ್ಟೇ.”

ಅಷ್ಟೇ ಬರೆಯಲಾ ಅಂದೆ. ಮೊರ ಕೆಳಗಿಟ್ಟಳು.

“ಕಾಡಲ್ಲಿ ಕುಂತ್ಕಂಡ್ರೆ ಅದು ಲೆಕ್ಕಕ್ಕಿಲ್ಲ ಅಂತ ಯೋಳು. ಮಾತು ಬುಡ್ಬೇಕು ಅಂದ್ರೆ ಮನ್ಸ ಕಣ್ಮುಂದೆ ಇರ್ಬೇಕು. ಅವನು ಬಂದ ದಿನದಿಂದ ಶುರು.”

ಇಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು. ಈಗ ನಿನ್ನ ಹಳೆಯ ಚಾಪೆ ಕೊಡವುವ ಸದ್ದು ಕೇಳುತ್ತಿದೆ.

ಈ ಕಾಗದ ತಂದ ಜೀಪಿನಲ್ಲೇ ಹೊರಡು. ಬೀಚನಹಳ್ಳಿಯಲ್ಲಿ ಇಳಿದರೆ ಟೀ ಕುಡಿ, ಆದರೆ ಮುಂದಿನ ಬಸ್ಸು ಹತ್ತು. ಅವ್ವ ಕೂರುತ್ತಿದ್ದಲ್ಲಿ ನಿನ್ನ ಡಬ್ಬಿ ಇದೆ, ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ್ದೇನೆ. ನೀನು ಹೇಳಬೇಕಾದ್ದನ್ನು ನನಗೆ ಹೇಳು, ನಾನು ಅವಳಿಗೆ ಹೇಳುತ್ತೇನೆ. ನಿಮ್ಮಿಬ್ಬರ ನಡುವೆ ನಾನು ಕೂತಿರುತ್ತೇನೆ.

ಮಾದೇವ